ಕ್ಲೋರಿನ್ ಪರಮಾಣು ರಾಶಿ 36 ಬರದೆ 35.5 ಯಾಕೆ ಬರುತ್ತೆ?

ಕ್ಲೋರಿನ್‌ಗೆ 35 ಮತ್ತು 37 ಅಂತ ಎರಡು ಐಸೋಟೋಪ್ ಇವೆ (ಐಸೋಟೋಪ್ ಅಂದ್ರೆ ಒಂದೇ ಧಾತುವಿನ, ಆದ್ರೆ ನ್ಯೂಟ್ರಾನ್ ಸಂಖ್ಯೆ ಬೇರೆ ಬೇರೆ ಇರೋ ಪರಮಾಣುಗಳು). 35ಕ್ಕೆ 37 ಕೂಡಿಸಿ ಎರಡರಿಂದ ಭಾಗಿಸಿದೆ, 36 ಬಂತು, ಪುಸ್ತಕದಲ್ಲಿ 35.5 ಇದೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರ. ನಿಮ್ಮ ಕೂಡೋದು ಭಾಗಿಸೋದು ಎಲ್ಲ ಸರಿಯಾಗೇ ಇದೆ, ಆದ್ರೆ ಎರಡೂ ಐಸೋಟೋಪ್ ಸಮಸಮ ಇವೆ ಅಂದ್ಕೊಂಡ್ಬಿಟ್ರಿ, ಎಡವಿದ್ದು ಅಲ್ಲೇ.

ಪರ್ಸೆಂಟ್ ಅನ್ನೋದನ್ನ ಸ್ವಲ್ಪ ಹೊತ್ತು ಮರೆತುಬಿಡಿ. ನಾನು ಮಕ್ಕಳಿಗೆ ಹೇಳ್ಕೊಡೋವಾಗ ಮೊದಲು ಫಾರ್ಮುಲಾ ಬರೆಯೋದೇ ಇಲ್ಲ, 100 ಪರಮಾಣು ಕಣ್ಣಮುಂದೆ ಇಟ್ಕೊಳ್ಳಿ ಅಂತೀನಿ. ಕ್ಲೋರಿನ್‌ನಲ್ಲಿ ಆ ನೂರರ ಪೈಕಿ ಹೆಚ್ಚುಕಮ್ಮಿ 75 ಪರಮಾಣು 35ರವು, 25 ಪರಮಾಣು 37ರವು. 75 × 35 ಅಂದ್ರೆ 2625, 25 × 37 ಅಂದ್ರೆ 925, ಎರಡೂ ಸೇರಿ 3550, ಇದು ನೂರು ಪರಮಾಣುಗಳ ಒಟ್ಟು ರಾಶಿ, ಒಂದಕ್ಕೆ ಎಷ್ಟು ಬಿತ್ತು ಅಂತ ನೂರರಿಂದ ಭಾಗಿಸಿದ್ರೆ 35.5. ಲೆಕ್ಕ ಶುರು ಮಾಡೋಕೆ ಮುಂಚೆನೇ ಒಂದು ಅಂದಾಜು ಮಾಡಿ: ಯಾವುದು ಜಾಸ್ತಿ ಇದೆಯೋ ಉತ್ತರ ಅದರ ಕಡೆಗೆ ವಾಲಬೇಕು. 35ಕ್ಕಿಂತ ಕಮ್ಮಿನೋ 37ಕ್ಕಿಂತ ಜಾಸ್ತಿನೋ ಬಂದ್ರೆ ಎಲ್ಲೋ ತಪ್ಪಾಗಿದೆ, ಮತ್ತೆ ನೋಡಿ.

ಈ 35.5ನ್ನ ಸಾಪೇಕ್ಷ ಪರಮಾಣು ರಾಶಿ ಅಂತಾರೆ. ಸಾಪೇಕ್ಷ ಅಂತ ಯಾಕಂದ್ರೆ ಕಾರ್ಬನ್-12 ಪರಮಾಣುವಿನ ರಾಶಿಯ ಹನ್ನೆರಡನೇ ಒಂದು ಭಾಗಕ್ಕೆ ಹೋಲಿಸಿ ಹೇಳೋ ಸಂಖ್ಯೆ ಇದು, ಹಾಗಾಗಿ ಯೂನಿಟ್ ಬರೆಯೋ ಹಾಗಿಲ್ಲ.

ಎಕ್ಸಾಮ್‌ನಲ್ಲಿ ಇದನ್ನೇ ಉಲ್ಟಾ ಕೇಳ್ತಾರೆ. ಬೋರಾನ್ ಪರಮಾಣು ರಾಶಿ 10.8, ಐಸೋಟೋಪ್ 10 ಮತ್ತು 11, ಯಾವುದು ಎಷ್ಟು ಪರ್ಸೆಂಟ್? 10ರದ್ದು x ಇದೆ ಅಂದ್ಕೊಳ್ಳಿ, 11ರದ್ದು 100 − x ಆಗುತ್ತೆ, ಎರಡನೇದಕ್ಕೆ y ಅಂತ ಇನ್ನೊಂದು ಅಕ್ಷರ ಬೇಕಾಗಿಲ್ಲ. 10x + 11(100 − x) = 1080, ಅಂದ್ರೆ 1100 − x = 1080, x 20 ಬಂತು.

ಇನ್ನೊಂದು ವಿಷಯ, ತಾಮ್ರದ್ದು. 63ರದ್ದು 69 ಪರ್ಸೆಂಟ್, 65ರದ್ದು 31 ಅಂತ ಲೆಕ್ಕ ಹಾಕಿದ್ರೆ 63.62 ಬರುತ್ತೆ, ಪೀರಿಯಾಡಿಕ್ ಟೇಬಲ್‌ನಲ್ಲಿ 63.55 ಇರುತ್ತೆ. ಗಾಬರಿ ಬೇಡ, 63 ಅನ್ನೋದು ಪ್ರೋಟಾನ್ ನ್ಯೂಟ್ರಾನ್ ಸೇರಿಸಿ ಎಣಿಸಿದ ಸಂಖ್ಯೆ ಮಾತ್ರ, ಅಳೆದ ರಾಶಿ 62.93, ಇನ್ನೊಂದರದ್ದು 64.93, ಇವನ್ನ ಹಾಕಿ ಮಾಡಿ ನೋಡಿ, ಸರಿಯಾಗಿ 63.55 ಸಿಗುತ್ತೆ. ಶಾಲೆ ಲೆಕ್ಕದಲ್ಲಿ ಪ್ರಶ್ನೆಲಿ ಏನು ಕೊಟ್ಟಿದ್ದಾರೋ ಅದನ್ನೇ ಹಾಕಿ.

35.5 ರಾಶಿ ಇರೋ ಪರಮಾಣು ಹೇಗಿರುತ್ತೆ ಅಂತಾನೂ ಕೇಳಿದ್ರಲ್ಲ, ಅಂಥ ಒಂದೇ ಒಂದು ಪರಮಾಣುನೂ ಇಲ್ಲ, ಅದು ಬರೀ ಸರಾಸರಿ. ಇದು ಗೊತ್ತಿಲ್ಲದೆ ತುಂಬಾ ಮಕ್ಕಳು ಬ್ರೋಮಿನ್‌ನಲ್ಲಿ ಮಾರ್ಕ್ಸ್ ಕಳ್ಕೊಳ್ತಾರೆ, ನನಗೆ ನಿಜವಾಗ್ಲೂ ಬೇಜಾರಾಗುತ್ತೆ. ಟೇಬಲ್‌ನಲ್ಲಿ 79.9 ನೋಡಿ 80 ಅಂದ್ಕೊಂಡು, ಪ್ರೋಟಾನ್ 35 ಕಳೆದು, ನ್ಯೂಟ್ರಾನ್ 45 ಅಂತ ಬರೆದುಬಿಡ್ತಾರೆ. ಆದ್ರೆ ಪ್ರಕೃತಿಯಲ್ಲಿ ಸಿಗೋ ಬ್ರೋಮಿನ್ 79 ಮತ್ತು 81 ಎರಡೇ, ಅದೂ ಹತ್ತಿರ ಹತ್ತಿರ ಅರ್ಧರ್ಧ. ಒಂದರಲ್ಲಿ 44 ನ್ಯೂಟ್ರಾನ್, ಇನ್ನೊಂದರಲ್ಲಿ 46. 45 ಇರೋದು ಅಲ್ಲಿ ಇಲ್ಲವೇ ಇಲ್ಲ.