ನುಡಿ ಫಾಂಟಿನ ವರದಿ, ಎಐ ಸ್ಲೈಡು

ಪ್ರಶ್ನೆ: ನಮ್ಮ ಕನ್ನಡ ಸಂಘದ 18 ಪುಟಗಳ ವಾರ್ಷಿಕ ವರದಿ ಹಳೆಯ ನುಡಿ ಫಾಂಟಿನಲ್ಲಿದೆ. ಮಹಾಸಭೆಗೆಂದು ಎಐಯಿಂದ ಸ್ಲೈಡ್ ಮಾಡಿಸಿದರೆ ಬರೀ ಚಿತ್ರವಿಚಿತ್ರ ಅಕ್ಷರ. ಏನು ಮಾಡಲಿ?
– ಓದುಗರು, ಮುಲುಂಡ್, ಮುಂಬಯಿ

ಉತ್ತರ: ತಪ್ಪು ಎಐಯದಲ್ಲ, ಫಾಂಟಿನದು. ಅಂಥ ಕಡತದ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಫಾಂಟ್ ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ಮೊದಲು ಕಡತವನ್ನು ನುಡಿ–ಯೂನಿಕೋಡ್ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್ (ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಸಂಕೇತ ಪದ್ಧತಿ) ಮಾಡಿಕೊಳ್ಳಿ. ‘ಕಾರ್ಯದರ್ಶಿ’, ‘ವರ್ಷ’ದಂಥ ಅರ್ಕಾವತ್ತಿನ ಪದಗಳನ್ನು ಕಣ್ಣಾರೆ ನೋಡಿ, ಪರಿವರ್ತಕ ಎಡವುವುದು ಅಲ್ಲೇ. ಪಿಡಿಎಫ್ ಮಾತ್ರ ಇದ್ದರೆ ಪುಟಗಳನ್ನು ಜೆಪಿಜಿ ಚಿತ್ರಗಳಾಗಿ ಉಳಿಸಿ, ಗೂಗಲ್ ಡ್ರೈವ್‌ಗೆ ಏರಿಸಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ, ಪಠ್ಯ ಸಿಗುತ್ತದೆ.

18 ಪುಟವನ್ನೂ ಎಐಗೆ ಒಟ್ಟಿಗೆ ಸುರಿಯಬೇಡಿ, ಮಧ್ಯದ ಭಾಗ ಸೊರಗಬಹುದು. ಅಧ್ಯಾಯಕ್ಕೊಂದರಂತೆ ಕೊಟ್ಟು ಹೀಗೆ ಹೇಳಿ: ‘ಸ್ಲೈಡಿಗೆ ಒಂದೇ ವಿಷಯ, ಹೆಚ್ಚೆಂದರೆ 4 ಸಾಲು, ಸಾಲಿಗೆ 7 ಪದ. ವರದಿಯಲ್ಲಿ ಇಲ್ಲದ್ದನ್ನು ಸೇರಿಸಬೇಡ. ಮೊದಲು ಶೀರ್ಷಿಕೆಗಳ ಪಟ್ಟಿ ಮಾತ್ರ ಕೊಡು.’ ಪಟ್ಟಿ ತಿದ್ದಿದ ಮೇಲೆಯೇ ಸ್ಲೈಡ್. ಆಯವ್ಯಯದ ಕೋಷ್ಟಕವನ್ನು ಮಾತ್ರ ನೀವೇ ಸ್ಲೈಡಿಗೆ ಹಾಕಿ. ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ಸಭೆಯಲ್ಲಿ ಖಜಾಂಚಿಯವರಿಗೆ ಗ್ರಹಚಾರ!

ಒತ್ತಕ್ಷರದ ಬುಡ ಕತ್ತರಿಸಿದಂತೆ ಕಂಡರೆ ಸಾಲುಗಳ ಅಂತರ 1.2ಕ್ಕೆ ಏರಿಸಿ, ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ. ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಕ್ಕಿಲ್ಲ, ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವಿನಲ್ಲಿರಲಿ.