ಭತ್ತದ ತೆನೆ ತಾಗಿ ಅಪ್ಪನ ಕಣ್ಣಿಗೆ ಆದ ಫಂಗಸ್ ಹುಣ್ಣಿಗೆ, ಫಂಗಸ್ ಕೊಲ್ಲೋ ನಟಮೈಸಿನ್ ಡ್ರಾಪ್ಸ್ ಹಾಕಿ ವಾರವಾಯ್ತು, ವಾಸಿಯಾಗಿಲ್ಲ. ವೋರಿಕೊನಜೋಲ್‌ಗೆ ಬದಲಿಸೋದಾ, ಆಪರೇಷನ್ ಮಾಡಿಸೋದಾ?

ನಿಮ್ಮ ತಂದೆಯವರಿಗೆ ತಾಗಿದ್ದು ಭತ್ತದ ತೆನೆ, ನನಗೆ ಕಬ್ಬಿನ ಗರಿ. ಮಂಡ್ಯದ ಕಡೆ ನಮ್ಮ ಗದ್ದೆಯಲ್ಲಿ ಕಟಾವು ನಡೀತಿದ್ದಾಗ ಎಡಗಣ್ಣಿನ ಕರಿಗುಡ್ಡೆಗೆ ಗರಿ ಗೀರಿತು. ಸಂಜೆಗೆ ಕಣ್ಣು ಕೆಂಪು, ಒಂದೇ ಸಮ ನೀರು, ಬಲ್ಬಿನ ಬೆಳಕೂ ತಡೀತಿರಲಿಲ್ಲ. ಅವ್ವನಿಗೆ ಪೊರೆ ಆಪರೇಷನ್ ಆದಾಗ ಕೊಟ್ಟ ಡ್ರಾಪ್ಸ್ ಮನೆಯಲ್ಲಿ ಉಳಿದಿತ್ತು. ಅದನ್ನೇ ಹಾಕಿಕೊಂಡೆ.

ಅದರಲ್ಲಿ ಸ್ಟೀರಾಯ್ಡ್ ಇತ್ತು. ಇದನ್ನು ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನ್ನ ಕಣ್ಣು ಕೆಟ್ಟಿದ್ದು ಗರಿಗಿಂತ ಹೆಚ್ಚಾಗಿ ಇದರಿಂದ. ಕಣ್ಣು ಕೆಂಪಾಗೋದು, ನೋಯೋದು ಅಂದ್ರೆ ದೇಹ ಒಳಗೆ ಹೊಕ್ಕಿದ್ದರ ಜೊತೆ ಹೋರಾಡ್ತಿದೆ ಅಂತ. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತೆ, ಫಂಗಸ್ಸನ್ನು ಮುಟ್ಟೋದಿಲ್ಲ. ಹಾಗಾಗಿ ಕೆಂಪು ಇಳೀತು, ನೋವು ಇಳೀತು, ಗುಣವಾಯ್ತು ಅಂತ ಮತ್ತೆ ಗದ್ದೆಗೆ ಹೋದೆ. ಆ ಹೊತ್ತಿಗೆ ಫಂಗಸ್ ಕೇಳೋರಿಲ್ಲದೆ ಕರಿಗುಡ್ಡೆಯ ಆಳಕ್ಕೆ ಎಳೆ ಬಿಡ್ತಾ ಇತ್ತು. ಪೊರೆ ತೆಗೆಸಿದ ಕಣ್ಣಿಗೆ ಆ ಡ್ರಾಪ್ಸ್ ಬೇಕೇ ಬೇಕು, ಸೊಪ್ಪುಸದೆ ಗೀರಿದ ಕಣ್ಣಿಗೆ ಅದು ವಿಷ. ನೋವು ತಿರುಗಿ ಬಂದಾಗ ಕರಿಗುಡ್ಡೆ ಮೇಲೆ ಬೂದುಬಿಳಿ ಕಲೆ, ಅದರ ಅಂಚು ಹಿಂಜಿದ ಹತ್ತಿಯ ಹಾಗೆ, ಕೆಳಗಡೆ ಕೀವು ನಿಂತಿತ್ತು. ನಿಮ್ಮ ಮನೆಯಲ್ಲಿರೋ ಬಾಟಲಿಗಳ ಮೇಲೆ ಪ್ರೆಡ್ನಿಸೋಲೋನ್, ಡೆಕ್ಸಾಮೆಥಸೋನ್, ಲೋಟೆಪ್ರೆಡ್ನಾಲ್ ಅಂತ ಸಣ್ಣ ಅಕ್ಷರದಲ್ಲಿ ಇದೆಯಾ, ಈಗಲೇ ನೋಡಿ. ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ.

ಇನ್ನು ನಿಮ್ಮ ಪ್ರಶ್ನೆ. ವೋರಿಕೊನಜೋಲ್ ಹೊಸದು, ದುಬಾರಿ, ಹಾಗಾಗಿ ಜೋರು ಅಂದುಕೊಂಡಿರಬಹುದು. ಅದು ಸರಿಯಲ್ಲ. ದಕ್ಷಿಣ ಭಾರತದ ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ ಎರಡನ್ನೂ ಹೋಲಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಗೆದ್ದಿದ್ದು ನಟಮೈಸಿನ್. ನಮ್ಮ ಹೊಲಗದ್ದೆಗಳಲ್ಲಿ ಸಾಮಾನ್ಯವಾದ ಫ್ಯುಸೇರಿಯಂ ಜಾತಿಯ ಫಂಗಸ್‌ಗಂತೂ ಅದೇ ಮೇಲು. ಈ ಹುಣ್ಣು ಮಾಯೋದು ವಾರಗಟ್ಟಲೆ ನಿಧಾನವಾಗಿ. ವಾರಕ್ಕೆ ವಾಸಿಯಾಗಿಲ್ಲ ಅನ್ನೋದೊಂದೇ ಔಷಧಿ ಬದಲಿಸೋಕೆ ಕಾರಣ ಆಗಲ್ಲ. ಹುಣ್ಣು ಹರಡ್ತಾ ಇದ್ದರೆ ಮಾತು ಬೇರೆ.

ನೀವು ಕೇಳಬೇಕಾದ್ದು ಬೇರೆಯೇ ಇದೆ. ಹುಣ್ಣನ್ನು ಕೆರೆದು ಮೈಕ್ರೋಸ್ಕೋಪಲ್ಲಿ ನೋಡಿದ್ದಾರಾ, ಕಲ್ಚರ್‌ಗೆ (ಕೆರೆದದ್ದನ್ನು ಲ್ಯಾಬಲ್ಲಿ ಬೆಳೆಸಿ ಯಾವ ಸೂಕ್ಷ್ಮಜೀವಿ ಅಂತ ನೋಡೋಕೆ) ಕಳಿಸಿದ್ದಾರಾ? ಬರೀ ಕಣ್ಣಲ್ಲಿ ನೋಡಿ ಬ್ಯಾಕ್ಟೀರಿಯಾನೋ ಫಂಗಸ್ಸೋ ಅಂತ ಖಚಿತವಾಗಿ ಹೇಳೋದು ನುರಿತವರಿಗೂ ಕಷ್ಟ. ಕೆರೆಯೋದರಿಂದ ಇನ್ನೊಂದು ಲಾಭವೂ ಇದೆ: ನಟಮೈಸಿನ್ ಆಳಕ್ಕೆ ಅಷ್ಟಾಗಿ ಇಳಿಯಲ್ಲ, ಮೇಲಿನ ಪದರ ಹೋದರೆ ಒಳಗೆ ಹೋಗೋಕೆ ದಾರಿಯಾಗುತ್ತೆ. ಔಷಧಿ ತಳದಲ್ಲಿ ಕೂತಿರುತ್ತೆ, ಪ್ರತಿ ಸಲ ಬಾಟಲಿ ಚೆನ್ನಾಗಿ ಕುಲುಕಿ ಹಾಕಿ. ಗಂಟೆಗೊಮ್ಮೆ ಅಂದಿದ್ದರೆ ಗಂಟೆಗೊಮ್ಮೆಯೇ. ಎದೆಹಾಲು, ಸೊಪ್ಪಿನ ರಸ ಯಾರೇ ಹೇಳಿದರೂ ಬೇಡ.

ಆಪರೇಷನ್ ಅನ್ನೋದು ಇಷ್ಟಪಟ್ಟು ಆರಿಸಿಕೊಳ್ಳೋ ದಾರಿ ಅಲ್ಲ. ಕರಿಗುಡ್ಡೆ ತೆಳುವಾಗಿ ತೂತು ಬೀಳೋ ಹಾಗಾದಾಗ, ಇಲ್ಲವೇ ಔಷಧಿಗೆ ಬಗ್ಗದೆ ಹುಣ್ಣು ಹರಡ್ತಾ ಹೋದಾಗ, ಕಣ್ಣುಗುಡ್ಡೆ ಉಳಿಸಿಕೊಳ್ಳೋಕೆ ಮಾಡೋದು. ನನಗೆ ಮಾಡಿದರು, ಯಾರೋ ಪುಣ್ಯಾತ್ಮರು ದಾನ ಕೊಟ್ಟ ಕಾರ್ನಿಯಾ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ) ಹಾಕಿ. ಸೋಂಕು ಹೋಯ್ತು. ಆದರೆ ಫಂಗಸ್ ಮತ್ತೆ ಕೆರಳುತ್ತೆ ಅಂತ, ಕಸಿ ಮಾಡಿದ ಕಾರ್ನಿಯಾವನ್ನು ದೇಹ ಒಪ್ಪದೆ ತಳ್ಳೋದನ್ನು ತಡೆಯೋ ಸ್ಟೀರಾಯ್ಡನ್ನು ಮೊದಮೊದಲು ಕೊಡೋ ಹಾಗಿರಲಿಲ್ಲ. ಕಸಿ ಮಬ್ಬಾಯ್ತು. ಆ ಕಣ್ಣಿಗೆ ಈಗ ಎದುರಿಗೆ ಕೈ ಆಡಿಸಿದರೆ ಗೊತ್ತಾಗುತ್ತೆ, ಅಷ್ಟೇ.

ಕಾರ್ನಿಯಾ ತಜ್ಞರು ಇರೋ ಆಸ್ಪತ್ರೆಗೆ ನಾಳೆಯೇ ಕರೆದುಕೊಂಡು ಹೋಗಿ, ಬೆಂಗಳೂರಿನ ಮಿಂಟೋ ಆದರೂ ಸರಿ. ರಾತ್ರಿ ನೋವು ಜಾಸ್ತಿಯಾದರೆ, ದಿಢೀರನೆ ನೀರು ಸುರಿದು ದೃಷ್ಟಿ ಕುಸಿದರೆ ಬೆಳಗಾಗೋವರೆಗೂ ಕಾಯಬೇಡಿ. ಇಲ್ಲಿಯವರೆಗೆ ಹಾಕಿದ ಬಾಟಲಿಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿ ಡಾಕ್ಟರ ಮುಂದಿಡಿ.