ಊರಿನ ಡಾಕ್ಟರ ಸಹಿ, ಅಮೆರಿಕದ ರಜೆ

ಪ್ರಶ್ನೆ: ಮೈಸೂರಿನಲ್ಲಿ ತಾಯಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಡಲ್ಲಾಸ್‌ನಲ್ಲಿ ಕೆಲಸದಲ್ಲಿರುವ ನಾನು ಎಫ್‌ಎಂಎಲ್‌ಎ (ತಮಗೋ ಮನೆಯವರಿಗೋ ಗಂಭೀರ ಕಾಯಿಲೆಯಾದಾಗ ರಜೆ ಕೊಡಿಸುವ ಅಮೆರಿಕದ ಕಾಯ್ದೆ) ರಜೆ ಕೇಳಿದರೆ, ಅಮೆರಿಕದ ಲೈಸೆನ್ಸ್ ಇರುವ ಡಾಕ್ಟರೇ ಸಹಿ ಹಾಕಬೇಕು ಎನ್ನುತ್ತಾರೆ ಎಚ್‌ಆರ್‌ನವರು. ಹೌದೇ? ಮನೆಗೆ ಬರುವ ಆಯುರ್ವೇದ ವೈದ್ಯರ ಪತ್ರ ಸಾಲದೇ?

ಉತ್ತರ: ಎಚ್‌ಆರ್ ಮಾತು ತಪ್ಪು. 1993ರ ಈ ಕಾಯ್ದೆಯ ನಿಯಮ 825.125ರಲ್ಲಿ 'ಹೆಲ್ತ್ ಕೇರ್ ಪ್ರೊವೈಡರ್', ಅಂದರೆ ಸಹಿ ಹಾಕಬಲ್ಲ ಚಿಕಿತ್ಸಕರು, ಯಾರು ಯಾರು ಎಂದು ಪಟ್ಟಿ ಕೊಟ್ಟಿದೆ: ಡಾಕ್ಟರು, ದಂತವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ನರ್ಸ್ ಪ್ರಾಕ್ಟೀಷನರ್, ಫಿಸಿಷಿಯನ್ ಅಸಿಸ್ಟೆಂಟ್ ಹೀಗೆ. ಇವರೇ ಬೇರೆ ದೇಶದಲ್ಲಿ, ಆ ದೇಶದ ಕಾನೂನಿನಂತೆ ವೃತ್ತಿ ಮಾಡುತ್ತಿದ್ದರೂ ಸರಿ ಎಂದು ಅಲ್ಲೇ ಬರೆದಿದೆ. ಎಚ್‌ಆರ್‌ಗೆ ಈ ನಿಯಮದ ಸಂಖ್ಯೆಯನ್ನೇ ಇಮೇಲ್ ಮಾಡಿ.

ಆಯುರ್ವೇದದ ಹೆಸರು ಪಟ್ಟಿಯಲ್ಲಿಲ್ಲ. ಬಾಸ್ಟನ್ನಿನ ಒಂದು ಚರ್ಚ್‌ನಲ್ಲಿ ಹೆಸರು ನೋಂದಾಯಿಸಿದ ಕ್ರಿಶ್ಚಿಯನ್ ಸೈನ್ಸ್ ಪಂಥದ ಪ್ರಾರ್ಥನಾ ಚಿಕಿತ್ಸಕರಿಗೂ ಜಾಗವಿದೆ! ನಿಮ್ಮ ಕಂಪನಿಯೋ ಅದರ ಆರೋಗ್ಯ ವಿಮೆಯವರೋ ಒಪ್ಪುವ ವೈದ್ಯರೂ ನಡೆಯುತ್ತಾರೆ ಎಂಬ ಕಲಮು ಇದೆ, ಆದರೆ ಅದನ್ನು ನಂಬಿ ಕೂರಬೇಡಿ. ಆಪರೇಷನ್ ಮಾಡಿದ ಮೂಳೆ ಡಾಕ್ಟರಿಂದಲೇ ಡಬ್ಲ್ಯೂಎಚ್-380-ಎಫ್ ಫಾರಂ (ಮನೆಯವರ ಕಾಯಿಲೆಯನ್ನು ದೃಢೀಕರಿಸುವ ಪತ್ರ) ತುಂಬಿಸಿ.

ಫಾರಂ ವಾಪಸ್ ಬರುವುದು ಸಹಿಯ ದೆಸೆಯಿಂದಷ್ಟೇ ಅಲ್ಲ, ಅವಧಿ ಬರೆಯದ ದೆಸೆಯಿಂದಲೂ. ನಮ್ಮ ಡಾಕ್ಟರು ಲೆಟರ್‌ಹೆಡ್ ಮೇಲೆ 'ವಿಶ್ರಾಂತಿ ಬೇಕು' ಎಂದು ಒಂದು ಸಾಲು ಗೀಚಿ ಸೀಲು ಒತ್ತುತ್ತಾರೆ. ತೊಂದರೆ ಶುರುವಾದ ದಿನ, ಎಷ್ಟು ವಾರ ಹಿಡಿಯಬಹುದು, ಸ್ನಾನ, ಊಟ, ಓಡಾಟಕ್ಕೆ ಯಾರ ನೆರವು ಬೇಕು, ಇವು ಬೇಕು. 'ಹೇಳಲಾಗದು' ಎಂದರೆ ಸಾಲದು. 'ಅಂದಾಜು 8 ವಾರ' ಎನ್ನಿಸಿ. ಕೇಳಿದ ಮೇಲೆ 15 ದಿನದೊಳಗೆ ಫಾರಂ ಕೊಡಬೇಕು. ಕೊರತೆ ಇದ್ದರೆ ಕಂಪನಿ ಅದನ್ನು ಬರಹದಲ್ಲಿ ತಿಳಿಸಿ, ಸರಿಪಡಿಸಲು 7 ದಿನ ಕೊಡಬೇಕು. ಕನ್ನಡದಲ್ಲಿದ್ದು ಅವರು ಕೇಳಿದರೆ ಅನುವಾದ ನೀವೇ ಒದಗಿಸಬೇಕು. ನಿಮ್ಮ ಮ್ಯಾನೇಜರ್ ಮಾತ್ರ ಮೈಸೂರಿನ ಡಾಕ್ಟರಿಗೆ ನೇರ ಫೋನ್ ಮಾಡುವಂತಿಲ್ಲ.

ಇದೆಲ್ಲಕ್ಕೂ ಮೊದಲು ಅರ್ಹತೆ ನೋಡಿಕೊಳ್ಳಿ: ಅಲ್ಲಿ 12 ತಿಂಗಳ ನೌಕರಿ, ಹಿಂದಿನ ವರ್ಷದಲ್ಲಿ 1,250 ಗಂಟೆ ಕೆಲಸ, ನಿಮ್ಮ ಕೆಲಸದ ಜಾಗದಿಂದ 75 ಮೈಲಿಯೊಳಗೆ ಕಂಪನಿಯ ಕನಿಷ್ಠ 50 ನೌಕರರು. ಸಿಗುವುದು 12 ವಾರ, ಸಂಬಳವಿಲ್ಲದೆ.

ಪ್ರಶ್ನೆ: ನನ್ನ ಬೆನ್ನುನೋವಿಗೆ ಈ ರಜೆ ಕೇಳಿದಾಗ ಕೈರೋಪ್ರಾಕ್ಟರ್ (ಬೆನ್ನೆಲುಬನ್ನು ಕೈಯಿಂದ ಒತ್ತಿ ಸರಿಪಡಿಸುವವರು) ಕೊಟ್ಟ ಪತ್ರವನ್ನು ಕಂಪನಿ ಒಪ್ಪಲಿಲ್ಲ. ಏಕೆ?

ಉತ್ತರ: ಅವರು ಪಟ್ಟಿಯಲ್ಲಿದ್ದಾರೆ, ಷರತ್ತಿನೊಂದಿಗೆ. ಬೆನ್ನೆಲುಬಿನ ಕೀಲು ಜರುಗಿದ್ದು ಎಕ್ಸ್‌ರೇಯಲ್ಲಿ ಕಂಡಿರಬೇಕು, ಚಿಕಿತ್ಸೆ ಅದನ್ನು ಕೈಯಿಂದ ಸರಿಪಡಿಸುವುದಷ್ಟೇ ಆಗಿರಬೇಕು. ಎಕ್ಸ್‌ರೇ ತೆಗೆಸಿದ್ದೀರಾ?

ಪ್ರಶ್ನೆ: ಹೆಂಡತಿಯ ತಾಯಿಯ ಆರೈಕೆಗೆ ನಾನು ಈ ರಜೆ ಹಾಕಬಹುದೇ?

ಉತ್ತರ: ಇಲ್ಲ, ಅತ್ತೆ ಮಾವ ಇದರಲ್ಲಿ ಸೇರುವುದಿಲ್ಲ. ನಿಮ್ಮ ಹೆಂಡತಿ ತಮ್ಮ ಕಂಪನಿಯಲ್ಲಿ ಕೇಳಬೇಕು. ಚಿಕ್ಕಂದಿನಲ್ಲಿ ತಂದೆ ತಾಯಿಯ ಜಾಗದಲ್ಲಿ ನಿಂತು ಸಾಕಿದ ಅಜ್ಜಿಯಂಥವರಿಗೆ ಮಾತ್ರ ತಂದೆ ತಾಯಿಯ ಸ್ಥಾನವಿದೆ.